ದೊರೆಯ ಪತ್ರ, ವೈದ್ಯರ ವರದಿ: ಮೂರನೆಯ ಜಾರ್ಜ್‌ನ ಅನಾರೋಗ್ಯ ಮತ್ತು ಭಾಷಿಕ ಸಾಕ್ಷ್ಯದ ಮಿತಿಗಳು

ಸಾರಾಂಶ

ಬ್ರಿಟನ್ನಿನ ಅರಸ ಮೂರನೆಯ ಜಾರ್ಜ್‌ನ (1738–1820) ಅನಾರೋಗ್ಯವನ್ನು ಕುರಿತು ಎರಡು ಬಗೆಯ ಬರಹಗಳು ಉಳಿದು ಬಂದಿವೆ. ಒಂದು, ದೊರೆಯೇ ಬರೆದ ಪತ್ರಗಳು. ಇನ್ನೊಂದು, ಅವನ ವೈದ್ಯರೂ ಪರಿಚಾರಕರೂ ಬರೆದಿಟ್ಟ ದಾಖಲೆಗಳು. ಈ ಎರಡೂ ಬಗೆಯ ಬರಹಗಳನ್ನು ಆಧರಿಸಿ ಕಳೆದ ಅರುವತ್ತು ವರ್ಷಗಳಲ್ಲಿ ಪರಸ್ಪರ ವಿರುದ್ಧವಾದ ರೋಗನಿರ್ಣಯಗಳು ಮಂಡಿತವಾಗಿವೆ. ಭಾಷೆ ಯಾವ ಅರ್ಥದಲ್ಲಿ ಆರೋಗ್ಯದ ಸಾಕ್ಷ್ಯವಾಗಬಲ್ಲದು, ಎಲ್ಲಿ ಆಗಲಾರದು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಪತ್ರವು ರೋಗಿಯ ಭಾಷೆ, ವೈದ್ಯಕೀಯ ದಾಖಲೆಯು ರೋಗಿಯನ್ನು ಕುರಿತ ಭಾಷೆ. ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಟ್ಟು ಓದಿದಾಗ ತೀರ್ಮಾನ ದಾರಿ ತಪ್ಪುತ್ತದೆ ಎಂಬುದು ನಮ್ಮ ವಾದ. ಇಂಗ್ಲಿಷ್ ಪತ್ರಗಳಿಗಾಗಿ ರೂಪುಗೊಂಡ ಅಳತೆಗಳನ್ನು ಕನ್ನಡ ಬರಹಗಳಿಗೆ ಅನ್ವಯಿಸುವಾಗ ಎದುರಾಗುವ ತೊಡಕುಗಳನ್ನು ಕೊನೆಯ ಭಾಗದಲ್ಲಿ ಚರ್ಚಿಸಲಾಗಿದೆ.

ಕೀಲಿಪದಗಳು: ಮೂರನೆಯ ಜಾರ್ಜ್, ಪತ್ರಭಾಷೆ, ವೈದ್ಯಕೀಯ ದಾಖಲೆ, ಗಣಕ ಭಾಷಾವಿಜ್ಞಾನ, ಪಠ್ಯಸಂಚಯ, ಉನ್ಮಾದ

1. ಪ್ರಸ್ತಾವನೆ

1788ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ, ರಾಣಿ ಷಾರ್ಲಟ್‌ಳ ಪರಿವಾರದಲ್ಲಿ ಉಡುಪುಗಳ ಮೇಲ್ವಿಚಾರಕಿಯಾಗಿದ್ದ ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಅರಮನೆಯಲ್ಲಿ ದೊರೆಯನ್ನು ಎದುರುಗೊಂಡಳು. ಆಕೆ ದಿನಚರಿಯಲ್ಲಿ ಬರೆದಿಟ್ಟದ್ದು ದೊರೆಯ ಮುಖಚರ್ಯೆಗಿಂತ ಹೆಚ್ಚಾಗಿ ಅವನ ಮಾತನ್ನು: ಅದರ ವೇಗ, ಕಟ್ಟಿದ ದನಿ, ತಡೆಯಿಲ್ಲದ ಹರಿವು, ಹೇಳುವುದರಲ್ಲಿದ್ದ ತೀವ್ರ ಆಸಕ್ತಿ. ಜ್ವರವಿದ್ದರಷ್ಟೇ ಹೀಗೆ ಮಾತನಾಡಲು ಸಾಧ್ಯವೆಂದು ಆಕೆಗೆ ತೋರಿತು. ಕೆಲವೇ ದಿನಗಳಲ್ಲಿ, ನವೆಂಬರ್ 5ರಂದು, ವಿಂಡ್ಸರ್‌ನ ಭೋಜನದ ವೇಳೆಯಲ್ಲಿ ದೊರೆಯ ಸ್ಥಿತಿ ಎಲ್ಲರೆದುರು ಹದಗೆಟ್ಟಿತು. ಆ ತಿಂಗಳ ದಾಖಲೆಗಳಲ್ಲಿ ಅವನು ಹತ್ತೊಂಬತ್ತು ಗಂಟೆಗಳ ಕಾಲ ಬಹುಮಟ್ಟಿಗೆ ನಿಲ್ಲಿಸದೆ ಮಾತನಾಡಿದ ಸಂಗತಿಯೂ ಬರುತ್ತದೆ.

ಹೀಗೆ, ಯೂರೋಪಿನ ಇತಿಹಾಸದಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ರಾಜರೋಗವೊಂದರ ಮೊದಲ ಲಕ್ಷಣಗಳಲ್ಲಿ ಒಂದು ಭಾಷಿಕವಾದದ್ದು. ಭಾಷಾವಿಜ್ಞಾನಿಗಳಿಗೆ ಈ ಪ್ರಕರಣದಲ್ಲಿ ಆಸಕ್ತಿ ಹುಟ್ಟುವುದು ಸಹಜ. ಆದರೆ ಆಸಕ್ತಿಯ ಜೊತೆಗೇ ಒಂದು ಎಚ್ಚರವೂ ಬೇಕು. ಬರ್ನಿ ಬರೆದದ್ದು ದೊರೆಯ ಮಾತಲ್ಲ, ದೊರೆಯ ಮಾತನ್ನು ಕುರಿತ ಆಕೆಯ ಮಾತು. ಈ ಸರಳ ವ್ಯತ್ಯಾಸವನ್ನು ಕೊನೆಯವರೆಗೂ ಕೈಬಿಡದೆ ನಡೆದರೆ ದಾಖಲೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ ಎಂದು ನಾವು ಭಾವಿಸುತ್ತೇವೆ.

2. ಅನಾರೋಗ್ಯದ ಹಿನ್ನೆಲೆ

ಮೂರನೆಯ ಜಾರ್ಜ್ 1760ರಲ್ಲಿ ಪಟ್ಟಕ್ಕೆ ಬಂದು 1820ರ ಜನವರಿ 29ರಂದು ತೀರಿಕೊಂಡನು. 1788–89, 1801, 1804ರಲ್ಲಿ ಅವನು ಮಾನಸಿಕವಾಗಿ ಅಸ್ವಸ್ಥನಾದನು; 1810ರಲ್ಲಿ ಮರುಕಳಿಸಿದ ಕಾಯಿಲೆ ಮತ್ತೆ ವಾಸಿಯಾಗಲಿಲ್ಲ. 1811ರ ಫೆಬ್ರವರಿಯಲ್ಲಿ ಅವನ ಹಿರಿಯ ಮಗ ರಾಜಪ್ರತಿನಿಧಿಯಾಗಿ ಅಧಿಕಾರ ವಹಿಸಿಕೊಂಡನು.

ಇವುಗಳಲ್ಲಿ 1788–89ರ ಪ್ರಕರಣವೇ ನಮ್ಮ ಚರ್ಚೆಗೆ ಮುಖ್ಯ. ಆಗ ಪ್ರಧಾನಿಯಾಗಿದ್ದ ವಿಲಿಯಂ ಪಿಟ್‌ಗೆ ದೊರೆಯ ಬೆಂಬಲವಿತ್ತು. ರಾಜಕುಮಾರನ ಒಲವು ವಿರೋಧಪಕ್ಷದ ಚಾರ್ಲ್ಸ್ ಫಾಕ್ಸ್‌ನ ಕಡೆಗಿತ್ತು. ದೊರೆ ಬೇಗ ಗುಣಮುಖನಾಗುವನೆಂದಾದರೆ ಪಿಟ್‌ನ ಸರ್ಕಾರ ಉಳಿಯುತ್ತದೆ, ಇಲ್ಲವಾದರೆ ರಾಜಕುಮಾರ ಬರುತ್ತಾನೆ, ಸರ್ಕಾರ ಬದಲಾಗುತ್ತದೆ. ಹೀಗಾಗಿ ವೈದ್ಯರು ಬಳಸುವ ಒಂದೊಂದು ಶಬ್ದಕ್ಕೂ ರಾಜಕೀಯ ಬೆಲೆ ಬಂದಿತು. ಡಿಸೆಂಬರ್‌ನಲ್ಲಿ ವೈದ್ಯರನ್ನು ಮೊದಲು ಪ್ರಿವಿ ಕೌನ್ಸಿಲ್ ವಿಚಾರಣೆಗೊಳಪಡಿಸಿತು. ಅನಂತರ ಹೌಸ್ ಆಫ್ ಕಾಮನ್ಸ್‌ನ ಸಮಿತಿ ಅವರನ್ನು ಪ್ರಶ್ನಿಸಿತು. ದೊರೆ ರಾಜಕಾರ್ಯ ನಡೆಸಲು ಶಕ್ತನೆ, ಗುಣವಾಗುವ ಭರವಸೆ ಉಂಟೆ ಎಂಬಂಥ ಪ್ರಶ್ನೆಗಳು ಅಲ್ಲಿ ಎದ್ದವು. ವೈದ್ಯಕೀಯ ಭಾಷೆ ಇಲ್ಲಿ ಸಾಕ್ಷಿಯ ಕಟಕಟೆಯಲ್ಲಿ ನಿಂತಿತು.

3. ಪತ್ರಗಳು: ಬರೆದವರು ಯಾರು, ನಮಗೆ ತಲುಪಿಸಿದವರು ಯಾರು

ಭಾಷಿಕ ಅಧ್ಯಯನಕ್ಕೆ ಮೂರನೆಯ ಜಾರ್ಜ್‌ನ ಪತ್ರಗಳು ಅಪರೂಪದ ಆಕರ. ಅವನು ತನ್ನ ಆಳ್ವಿಕೆಯ ಬಹುಭಾಗದಲ್ಲಿ ಖಾಸಗಿ ಕಾರ್ಯದರ್ಶಿಯನ್ನು ಇಟ್ಟುಕೊಂಡಿರಲಿಲ್ಲ. ಮಂತ್ರಿಗಳಿಗೆ ತನ್ನ ಕೈಯಿಂದಲೇ ಬರೆಯುತ್ತಿದ್ದನು. ಪತ್ರದಲ್ಲಿ ಸ್ಥಳ, ದಿನಾಂಕಗಳ ಜೊತೆಗೆ ಗಂಟೆ ಮತ್ತು ನಿಮಿಷವನ್ನೂ ನಮೂದಿಸುವುದು ಅವನ ರೂಢಿಯಾಗಿತ್ತು. ಒಬ್ಬನೇ ವ್ಯಕ್ತಿಯ ಸ್ವಹಸ್ತದ ಬರಹ ದಶಕಗಳ ಕಾಲ, ಅದೂ ನಿಮಿಷದ ಲೆಕ್ಕದಲ್ಲಿ, ದೊರೆಯುವುದು ಯಾವ ಭಾಷಾಸಂಶೋಧಕನಿಗೂ ಭಾಗ್ಯವೇ ಸರಿ.

ಆದರೆ ಈ ಭಾಗ್ಯಕ್ಕೂ ಎಲ್ಲೆಯುಂಟು. 1805ರ ಹೊತ್ತಿಗೆ ಕಣ್ಣಿನ ಪೊರೆಯಿಂದ ದೊರೆಯ ದೃಷ್ಟಿ ಕುಂದಿತು. ಆ ವರ್ಷ ಹರ್ಬರ್ಟ್ ಟೇಲರ್ ಖಾಸಗಿ ಕಾರ್ಯದರ್ಶಿಯಾಗಿ ನೇಮಕಗೊಂಡನು. ಅಲ್ಲಿಂದ ಮುಂದಿನ ಪತ್ರಗಳ ಸ್ವರೂಪ ಬೇರೆ. ಹೇಳಿ ಬರೆಯಿಸಿದ ಪತ್ರದಲ್ಲಿ ವಾಕ್ಯ ಎಲ್ಲಿ ಮುಗಿಯಿತೆಂಬುದನ್ನು ನಿರ್ಧರಿಸುವವನು ಹೇಳುವವನೋ ಬರೆದುಕೊಳ್ಳುವವನೋ? 1805ರ ಹಿಂದಿನ ಪತ್ರಗಳನ್ನೂ ಅದರ ಮುಂದಿನವನ್ನೂ ಒಂದೇ ರಾಶಿಯಲ್ಲಿ ಹಾಕಿ ಅಳೆದರೆ, ವಯಸ್ಸಿನಿಂದಲೋ ಕಾಯಿಲೆಯಿಂದಲೋ ಆಯಿತೆಂದು ನಾವು ತಿಳಿಯುವ ಬದಲಾವಣೆ ನಿಜಕ್ಕೂ ಲೇಖನಿ ಹಿಡಿದ ಕೈ ಬದಲಾದುದರ ಫಲವಾಗಿರಬಹುದು.

ಪತ್ರಗಳು ನಮಗೆ ತಲುಪಿದ ಬಗೆಯೂ ಗಮನಾರ್ಹ. 1783ರವರೆಗಿನ ಪತ್ರವ್ಯವಹಾರವನ್ನು ಜಾನ್ ಫಾರ್ಟೆಸ್ಕ್ಯೂ 1927–28ರಲ್ಲಿ ಆರು ಸಂಪುಟಗಳಲ್ಲಿ ಹೊರತಂದರು. ಅದರ ಮೊದಲ ಸಂಪುಟದ ತಪ್ಪುಗಳನ್ನು ತಿದ್ದುವುದಕ್ಕೇ ಇತಿಹಾಸಕಾರ ಲೂಯಿಸ್ ನೇಮಿಯರ್ 1937ರಲ್ಲಿ ಒಂದು ಪ್ರತ್ಯೇಕ ಪುಸ್ತಕ ಪ್ರಕಟಿಸಬೇಕಾಯಿತು. 1783ರಿಂದ 1810ರವರೆಗಿನ ಪತ್ರಗಳನ್ನು ಆರ್ಥರ್ ಆಸ್ಪಿನಾಲ್ 1962–70ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಸಂಪಾದಿಸಿದರು. 2015ರಲ್ಲಿ ಆರಂಭವಾದ ಜಾರ್ಜಿಯನ್ ಪೇಪರ್ಸ್ ಯೋಜನೆಯು ವಿಂಡ್ಸರ್‌ನ ರಾಜ ದಫ್ತರಖಾನೆಯಲ್ಲಿರುವ ಸುಮಾರು 3,50,000 ಪುಟಗಳನ್ನು ಡಿಜಿಟಲ್ ರೂಪಕ್ಕೆ ತರುವ ಗುರಿ ಇಟ್ಟುಕೊಂಡಿತು. ಮುದ್ರಿತ ಪಠ್ಯದಿಂದ ಹಸ್ತಪ್ರತಿಯ ಚಿತ್ರಕ್ಕೆ ಮರಳುವುದು ಭಾಷಾಸಂಶೋಧಕರಿಗೆ ಕೇವಲ ಅನುಕೂಲದ ಮಾತಲ್ಲ. ಸಂಪಾದಕನೊಬ್ಬ ಪೂರ್ಣವಿರಾಮ ಸೇರಿಸಿದರೆ, ಕಾಗುಣಿತ ಸರಿಪಡಿಸಿದರೆ, ಬಿಟ್ಟುಹೋದ ಪದವನ್ನು ತುಂಬಿದರೆ, ನಾವು ಅಳೆಯುವ ವಾಕ್ಯದುದ್ದವೂ ತಪ್ಪುಗಳ ಪ್ರಮಾಣವೂ ಸಂಪಾದಕನವಾಗುತ್ತವೆ. ಸಾಹಿತ್ಯದ ಓದುಗನಿಗೆ ಉಪಕಾರವಾದ ತಿದ್ದುಪಡಿ ಇಲ್ಲಿ ಸಾಕ್ಷ್ಯವನ್ನು ಅಳಿಸಿದಂತೆ.

ಎಲ್ಲಕ್ಕಿಂತ ದೊಡ್ಡ ತೊಡಕು ಮೌನದ್ದು. 1788ರ ನವೆಂಬರ್ ಮೊದಲ ದಿನಗಳ ಅನಂತರ ಪಿಟ್‌ನೊಡನೆ ದೊರೆಯ ಪತ್ರವ್ಯವಹಾರ ನಿಂತುಹೋಯಿತು. ಅದು ಪುನರಾರಂಭವಾದದ್ದು 1789ರ ಫೆಬ್ರವರಿ 23ರ ಪತ್ರದಿಂದ. ಕಾಯಿಲೆ ಶಿಖರ ಮುಟ್ಟಿದ ವಾರಗಳು ರಾಜಕಾರ್ಯದ ಪತ್ರಗಳು ಇಲ್ಲದ ವಾರಗಳೂ ಹೌದು. ಪತ್ರಗಳಲ್ಲಿ ನಾವು ಹೆಚ್ಚಾಗಿ ನೋಡಬಲ್ಲದ್ದು ಕಾಯಿಲೆಯ ಅಂಚುಗಳನ್ನು, ಅಂದರೆ ಅದು ಏರುತ್ತಿದ್ದ ಮತ್ತು ಇಳಿಯುತ್ತಿದ್ದ ಹಂತಗಳನ್ನು. ನಡುವಿನ ಮೌನವನ್ನು ತುಂಬುವವರು ವೈದ್ಯರು, ಪರಿಚಾರಕರು ಮತ್ತು ರಾಬರ್ಟ್ ಫುಲ್ಕ್ ಗ್ರೆವಿಲ್‌ನಂಥ ದಿನಚರಿಕಾರ ಸೇವಕರು. ರೋಗಿಯ ಭಾಷೆ ನಿಂತ ಕಡೆ ರೋಗಿಯನ್ನು ಕುರಿತ ಭಾಷೆ ಮೊದಲಾಗುತ್ತದೆ.

4. ವೈದ್ಯರ ಭಾಷೆ: ಪ್ರಕಟಣೆಯಿಂದ ಪರಿಭಾಷೆಯವರೆಗೆ

ವೈದ್ಯಕೀಯ ದಾಖಲೆಗಳನ್ನು ಒಂದೇ ಪ್ರಕಾರವೆಂದು ಎಣಿಸುವುದು ತಪ್ಪು. ಸಾರ್ವಜನಿಕರಿಗಾಗಿ ಸೇಂಟ್ ಜೇಮ್ಸ್ ಅರಮನೆಯಲ್ಲಿ ಪ್ರದರ್ಶಿಸುತ್ತಿದ್ದ ಆರೋಗ್ಯ ಪ್ರಕಟಣೆಗಳು ಒಂದು ಬಗೆ. ಸರ್ ಜಾರ್ಜ್ ಬೇಕರ್‌ನ ದಿನಚರಿಯಂಥ ಖಾಸಗಿ ಟಿಪ್ಪಣಿಗಳು ಇನ್ನೊಂದು. ಸಂಸತ್ತಿನ ಸಮಿತಿಗಳ ಮುಂದಿನ ಹೇಳಿಕೆಗಳು ಮತ್ತೊಂದು. 1811ರ ಅನಂತರ ರಾಣಿಯ ಕೌನ್ಸಿಲ್‌ಗೆ ಸಲ್ಲಿಸಿದ ವರದಿಗಳು ಮಗದೊಂದು. ಅವುಗಳ ಓದುಗರು ಬೇರೆ, ಉದ್ದೇಶ ಬೇರೆ; ಆದಕಾರಣ ಭಾಷೆಯೂ ಬೇರೆ.

ಸಾರ್ವಜನಿಕ ಪ್ರಕಟಣೆಯ ರಚನೆ ಗಮನ ಸೆಳೆಯುವಂಥದು. ಅದು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಷ್ಟೇ ಇರುತ್ತಿತ್ತು: ರಾತ್ರಿ ಹೇಗೆ ಕಳೆಯಿತು, ನಿದ್ರೆ ಬಂದಿತೆ, ಬೆಳಗ್ಗೆ ಸ್ಥಿತಿ ಹೇಗಿದೆ. ಕಾಯಿಲೆಯ ಹೆಸರು ಬರುತ್ತಿರಲಿಲ್ಲ. ತುಲನೆ ಮಾತ್ರ ಬರುತ್ತಿತ್ತು. ಯಾವುದಕ್ಕಿಂತ ಮೇಲು ಎಂದು ಹೇಳದೆಯೇ ‘ಮೇಲು’ ಎನ್ನುವ ಇಂಥ ಪ್ರಯೋಗವನ್ನು ಅರ್ಥವಿಜ್ಞಾನದ ದೃಷ್ಟಿಯಿಂದ ನೋಡಿದರೆ, ವಾಕ್ಯ ಸುಳ್ಳಾಗದಂತೆ ಆಶೆಯನ್ನು ಸೂಚಿಸುವ ಜಾಣ್ಮೆ ಅಲ್ಲಿದೆ. ಕನ್ನಡದಲ್ಲಿ ‘ನಿನ್ನೆಗಿಂತ ಮೇಲು’ ಎನ್ನುವುದಕ್ಕೂ ‘ಗುಣವಾಗುತ್ತಿದೆ’ ಎನ್ನುವುದಕ್ಕೂ ಇರುವ ಅಂತರ ನಮಗೆಲ್ಲ ಗೊತ್ತು. ಮೊದಲನೆಯದು ಎರಡು ದಿನಗಳ ಹೋಲಿಕೆ, ಎರಡನೆಯದು ಮುಂದಿನ ದಿನಗಳ ಭರವಸೆ. 1788ರ ಡಿಸೆಂಬರ್ 5ರಂದು ಬಂದು ಸೇರಿದ ಫ್ರಾನ್ಸಿಸ್ ವಿಲ್ಲಿಸ್‌ನಿಗೂ ರಾಜಕುಮಾರನ ವೈದ್ಯನೂ ಆಗಿದ್ದ ರಿಚರ್ಡ್ ವಾರನ್‌ನಿಗೂ ನಡುವೆ ಬೆಳೆದ ಜಗಳದ ಒಂದು ಎಳೆ ಪ್ರಕಟಣೆಗಳ ಶಬ್ದಗಳನ್ನು ಕುರಿತದ್ದೇ. ವಿಲ್ಲಿಸ್ ಲಿಂಕನ್‌ಶೈರ್‌ನಲ್ಲಿ ಮಾನಸಿಕ ರೋಗಿಗಳ ಆಲಯ ನಡೆಸುತ್ತಿದ್ದ ಪಾದ್ರಿ-ವೈದ್ಯ. ಗುಣವಾಗುವುದೆಂಬ ಭರವಸೆ ಅವನದು, ಶಂಕೆ ವಾರನ್‌ನದು. ಇಬ್ಬರೂ ನೋಡುತ್ತಿದ್ದ ರೋಗಿ ಒಬ್ಬನೇ.

ಪ್ರಕಟಣೆಯ ಭಾಷೆ ಕಾಲಕ್ರಮೇಣ ಹೇಗೆ ಸೂತ್ರಬದ್ಧವಾಗುತ್ತದೆ ಎಂಬುದಕ್ಕೆ ಕೊನೆಯ ದಶಕ ನಿದರ್ಶನ. ಕಾಯಿಲೆ ವಾಸಿಯಾಗದೆಂದು ತಿಳಿದ ಮೇಲೆ ಪ್ರಕಟಣೆಗಳು ತಿಂಗಳಿಗೊಮ್ಮೆ ಹೊರಡತೊಡಗಿದವು; ದೇಹಸ್ಥಿತಿ ಚೆನ್ನಾಗಿದೆ, ಮನಸ್ಸಿನ ವ್ಯಾಧಿ ತಗ್ಗಿಲ್ಲ ಎಂಬ ಅರ್ಥದ ವಾಕ್ಯಗಳೇ ಮತ್ತೆ ಮತ್ತೆ ಬಂದವು. ಸೂತ್ರ ಬದಲಾಗಲಿಲ್ಲವೆಂದ ಮಾತ್ರಕ್ಕೆ ರೋಗಿಯ ಸ್ಥಿತಿ ಬದಲಾಗಲಿಲ್ಲವೆಂದು ಹೇಳಲಾಗದು.

ಇನ್ನು ಪರಿಭಾಷೆ. 1788ರ ವೈದ್ಯರು ದೇಹದಲ್ಲಿ ಸಂಚರಿಸುವ ಗೌಟ್ ತಲೆಗೆ ಏರುತ್ತದೆ ಎಂಬ ಬಗೆಯ ವಿವರಣೆಯನ್ನು ನಂಬುತ್ತಿದ್ದರು. ಇಂದಿನ ವೈದ್ಯಕೀಯದಲ್ಲಿ ಆ ಪದದ ವ್ಯಾಪ್ತಿ ಕೀಲುಗಳ ಒಂದು ರೋಗಕ್ಕೆ ಸೀಮಿತವಾಗಿದೆ. ಪದ ಉಳಿದಿದೆ, ಅದರ ಅರ್ಥಲೋಕ ಉಳಿದಿಲ್ಲ. ಇದಕ್ಕಿಂತ ಮಹತ್ತ್ವದ್ದು ‘ಡಿಲಿರಿಯಂ’ ಮತ್ತು ‘ಇನ್‌ಸ್ಯಾನಿಟಿ’ ಎಂಬ ಪದಗಳ ನಡುವಣ ಭೇದ. ಕನ್ನಡದ ಆಡುಮಾತಿನಲ್ಲಿ ಈ ಭೇದ ‘ಸನ್ನಿ’ ಮತ್ತು ‘ಹುಚ್ಚು’ ಎಂಬ ಎರಡು ಪದಗಳಲ್ಲಿ ಸೊಗಸಾಗಿ ಮೂಡಿದೆ. ಜ್ವರದ ಸನ್ನಿಯಲ್ಲಿ ಬಡಬಡಿಸಿದವನನ್ನು ಯಾರೂ ಹುಚ್ಚನೆನ್ನುವುದಿಲ್ಲ. ಜ್ವರ ಇಳಿದರೆ ಸನ್ನಿಯೂ ಇಳಿಯುತ್ತದೆ, ಮನುಷ್ಯ ತನ್ನ ಸ್ಥಾನಮಾನದೊಡನೆ ಮರಳುತ್ತಾನೆ. ಮೂರನೆಯ ಜಾರ್ಜ್‌ನ ವಿಷಯದಲ್ಲಿ ಈ ಭೇದ ಸಿಂಹಾಸನದ ಪ್ರಶ್ನೆಯಾಗಿತ್ತು. ಸನ್ನಿಯಾದರೆ ಕಾಯಬಹುದು, ಹುಚ್ಚಾದರೆ ರಾಜಪ್ರತಿನಿಧಿ ಬೇಕು. 1810ರಲ್ಲಿ ಫ್ರಾನ್ಸಿಸ್ ವಿಲ್ಲಿಸ್‌ನ ಮಗ ರಾಬರ್ಟ್ ಡಾರ್ಲಿಂಗ್ ವಿಲ್ಲಿಸ್ ಸಂಸತ್ತಿನ ಸಮಿತಿಯ ಮುಂದೆ, ದೊರೆಯ ಸ್ಥಿತಿ ಹುಚ್ಚಿಗಿಂತ ಸನ್ನಿಗೆ ಹೆಚ್ಚು ಹತ್ತಿರವೆಂಬ ಅಭಿಪ್ರಾಯ ನೀಡಿದನು. ಆ ಹೇಳಿಕೆ ವೈದ್ಯಕೀಯ ವೀಕ್ಷಣೆಯೂ ಹೌದು, ರಾಜಕೀಯ ಸಂದರ್ಭದಲ್ಲಿ ಆಡಿದ ಮಾತೂ ಹೌದು. ಎರಡರಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸುವ ಸಾಧನ ಆ ವಾಕ್ಯದೊಳಗೆ ಇಲ್ಲ.

5. ಹೆಸರುಗಳ ಮೇಲೆ ಹೆಸರು: ಇಪ್ಪತ್ತನೆಯ ಶತಮಾನದ ರೋಗನಿರ್ಣಯಗಳು

1966ರಲ್ಲಿ ಮನೋವೈದ್ಯರಾದ ತಾಯಿ-ಮಗ ಐಡಾ ಮ್ಯಾಕಾಲ್ಪೈನ್ ಮತ್ತು ರಿಚರ್ಡ್ ಹಂಟರ್ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದೊರೆಯ ಕಾಯಿಲೆ ಪಾರ್ಫೈರಿಯಾ ಎಂದು ವಾದಿಸಿದರು. ರಕ್ತದ ಕೆಂಪು ವರ್ಣದ್ರವ್ಯ ತಯಾರಾಗುವ ರಾಸಾಯನಿಕ ಸರಣಿಯಲ್ಲಿ ಉಂಟಾಗುವ ಆನುವಂಶಿಕ ದೋಷ ಇದು. ಹೊಟ್ಟೆನೋವು, ನರದೌರ್ಬಲ್ಯ, ಮನೋವಿಕಾರ, ಮೂತ್ರದ ಬಣ್ಣದ ಬದಲಾವಣೆ ಇದರ ಲಕ್ಷಣಗಳು. ವೈದ್ಯರ ಟಿಪ್ಪಣಿಗಳಲ್ಲಿ ಬಣ್ಣಗೆಟ್ಟ ಮೂತ್ರದ ಉಲ್ಲೇಖಗಳು ಅವರಿಗೆ ಆಧಾರವಾದವು. ಅವರ 1969ರ ಪುಸ್ತಕದ ಬಳಿಕ ಈ ನಿರ್ಣಯ ಪಠ್ಯಪುಸ್ತಕಗಳಿಗೂ ರಂಗಭೂಮಿಗೂ ಸಂದಿತು.

2010ರಲ್ಲಿ ಟಿಮೊತಿ ಪೀಟರ್ಸ್ ಮತ್ತು ಸಹಸಂಶೋಧಕರು ಅದೇ ದಾಖಲೆಗಳನ್ನು ಮರಳಿ ಓದಿದರು. ಹಿಂದಿನ ಲೇಖಕರು ತಮ್ಮ ವಾದಕ್ಕೆ ಒಪ್ಪುವ ಉಲ್ಲೇಖಗಳನ್ನು ಆಯ್ದುಕೊಂಡು ಒಪ್ಪದವನ್ನು ಬದಿಗಿಟ್ಟಿದ್ದರೆಂದು ಅವರು ತೋರಿಸಿದರು. ನೀಲಿ ಮೂತ್ರಕ್ಕೆ ದೊರೆಗೆ ಕೊಡುತ್ತಿದ್ದ ಜೆಂಟಿಯನ್ ಬೇರಿನ ಔಷಧಿಯೇ ಕಾರಣವಾಗಿರಬಹುದೆಂಬ ವಿವರಣೆಯೂ ಬಂದಿತು. ಪೀಟರ್ಸ್ ಮತ್ತು ಬೆವರಿಜ್ ಅವರು ದಾಖಲಾದ ಲಕ್ಷಣಗಳನ್ನು ಮನೋರೋಗ ನಿರ್ಣಯದ ಗಣಕ ಕ್ರಮವೊಂದಕ್ಕೆ ಒಳಪಡಿಸಿ, ಬೈಪೋಲಾರ್ ಕಾಯಿಲೆಯ ಉನ್ಮಾದ ಸ್ಥಿತಿಯ ಕಡೆಗೆ ಬೆರಳು ತೋರಿದರು.

ಎರಡು ನಿರ್ಣಯಗಳಲ್ಲಿ ಯಾವುದು ಸರಿ ಎಂದು ತೀರ್ಪು ನೀಡುವುದು ಭಾಷಾವಿಜ್ಞಾನದ ಕೆಲಸವಲ್ಲ. ನಾವು ಗುರುತಿಸಬೇಕಾದದ್ದು ಇಷ್ಟು: ಒಂದೇ ಟಿಪ್ಪಣಿಯ ರಾಶಿಯಿಂದ ಎರಡು ವಿರುದ್ಧ ನಿರ್ಣಯಗಳು ಹೊರಟವು. ಹದಿನೆಂಟನೆಯ ಶತಮಾನದ ವೈದ್ಯನು ಮುಖ್ಯವೆಂದು ಕಂಡದ್ದನ್ನು ಬರೆದನು, ಅವನ ಕಾಲದ ಹೆಸರುಗಳಲ್ಲಿ ಬರೆದನು. ಇಪ್ಪತ್ತನೆಯ ಶತಮಾನದ ವೈದ್ಯನು ಅದರಿಂದ ತನಗೆ ಮುಖ್ಯವಾದುದನ್ನು ಆಯ್ದು ತನ್ನ ಕಾಲದ ಹೆಸರಿಟ್ಟನು. ಎರಡು ಸಲ ಆಯ್ಕೆ, ಎರಡು ಸಲ ನಾಮಕರಣ ನಡೆದ ಮೇಲೆ ಉಳಿದದ್ದನ್ನು ‘ಲಕ್ಷಣ’ ಎಂದು ಕರೆಯುತ್ತೇವೆ.

6. ಪತ್ರಗಳ ಗಣಕ ವಿಶ್ಲೇಷಣೆ

ವೈದ್ಯರ ಭಾಷೆಯ ಈ ತೊಡಕಿನಿಂದ ತಪ್ಪಿಸಿಕೊಳ್ಳುವ ಒಂದು ದಾರಿ ದೊರೆಯ ಸ್ವಂತ ಭಾಷೆಗೆ ಮರಳುವುದು. ಇದಕ್ಕೊಂದು ಪೂರ್ವನಿದರ್ಶನವಿತ್ತು. ನರವಿಜ್ಞಾನಿ ಪೀಟರ್ ಗ್ಯಾರಾರ್ಡ್ ಮತ್ತು ಸಹಸಂಶೋಧಕರು 2005ರಲ್ಲಿ ಕಾದಂಬರಿಗಾರ್ತಿ ಐರಿಸ್ ಮರ್ಡಾಕ್‌ಳ ಮೊದಲ ಕಾದಂಬರಿ, ನಡುಗಾಲದ ಒಂದು ಕಾದಂಬರಿ ಮತ್ತು 1995ರ ಕೊನೆಯ ಕಾದಂಬರಿಯನ್ನು ಹೋಲಿಸಿದ್ದರು. ಆಕೆಗೆ ಆಲ್ಜೈಮರ್ ಕಾಯಿಲೆ ಇದ್ದದ್ದು ಮುಂದೆ ದೃಢಪಟ್ಟಿತ್ತು. ಕೊನೆಯ ಕಾದಂಬರಿಯಲ್ಲಿ ಪದಸಂಪತ್ತು ಕುಗ್ಗಿತ್ತು, ವಾಕ್ಯರಚನೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು.

2017ರಲ್ಲಿ ವಾಸಿಲಿಕಿ ರೆಂಟೂಮಿ, ಟಿಮೊತಿ ಪೀಟರ್ಸ್, ಜೊನಾಥನ್ ಕಾನ್ಲಿನ್ ಮತ್ತು ಪೀಟರ್ ಗ್ಯಾರಾರ್ಡ್ ಅವರು ಮೂರನೆಯ ಜಾರ್ಜ್‌ನ ಪತ್ರಗಳನ್ನು ಯಂತ್ರಕಲಿಕೆಯ ವಿಧಾನದಿಂದ ಪರಿಶೀಲಿಸಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ವಿಧಾನದ ತಿರುಳು ಸರಳ. ಸ್ವಸ್ಥ ಕಾಲದ ಪತ್ರಗಳು ಒಂದು ಗುಂಪು, ಅಸ್ವಸ್ಥ ಕಾಲದವು ಇನ್ನೊಂದು. ಪ್ರತಿ ಪತ್ರದಿಂದ ಪದಸಂಪತ್ತು, ವಾಕ್ಯರಚನೆ ಮತ್ತು ಮಾಹಿತಿಸಿದ್ಧಾಂತಕ್ಕೆ ಸಂಬಂಧಿಸಿದ ಹಲವು ಅಳತೆಗಳನ್ನು ತೆಗೆಯಲಾಗುತ್ತದೆ. ಈ ಅಳತೆಗಳಿಂದ ಮಾತ್ರವೇ ಪತ್ರ ಯಾವ ಗುಂಪಿನದೆಂದು ಯಂತ್ರ ಗುರುತಿಸಬಲ್ಲುದಾದರೆ, ಎರಡು ಗುಂಪುಗಳ ಭಾಷೆಯಲ್ಲಿ ನಿಜವಾದ ವ್ಯತ್ಯಾಸವಿದೆಯೆಂದು ಅರ್ಥ.

ಈ ಅಧ್ಯಯನದ ನಿಜವಾದ ಬಲ ಇರುವುದು ಅದರ ನಿಯಂತ್ರಣ ಹೋಲಿಕೆಗಳಲ್ಲಿ. ಕಾಯಿಲೆಯ ಕಾಲದ ಪತ್ರ ಬೇರೆಯಾಗಿ ಕಂಡಿತೆಂದ ಮಾತ್ರಕ್ಕೆ ಕಾಯಿಲೆಯೇ ಕಾರಣವೆನ್ನಲಾಗದು. ರಾಜಕೀಯ ಒತ್ತಡವಿರಬಹುದು, ಋತುಮಾನವಿರಬಹುದು. ಆದುದರಿಂದ ಸಂಶೋಧಕರು ರಾಜಕೀಯವಾಗಿ ಪ್ರಕ್ಷುಬ್ಧವಾದ ಕಾಲದ ಪತ್ರಗಳನ್ನು ಶಾಂತಕಾಲದವುಗಳೊಡನೆ, ಒಂದು ಋತುವಿನವನ್ನು ಇನ್ನೊಂದರವುಗಳೊಡನೆ ಪ್ರತ್ಯೇಕವಾಗಿ ಹೋಲಿಸಿದರು. ಸ್ವಸ್ಥ-ಅಸ್ವಸ್ಥ ಹೋಲಿಕೆಯಲ್ಲಿ ಕಂಡ ವ್ಯತ್ಯಾಸ ಆ ಹೋಲಿಕೆಗೇ ವಿಶಿಷ್ಟವಾದದ್ದೆಂದು ಅವರಿಗೆ ತೋರಿತು.

ವ್ಯತ್ಯಾಸದ ಸ್ವರೂಪ ಇನ್ನೂ ಕುತೂಹಲಕಾರಿ. ಈ ಅಧ್ಯಯನಕ್ಕೆ ಮುಂಚಿನ ಜನಪ್ರಿಯ ಬರಹಗಳಲ್ಲಿ, ಕಾಯಿಲೆಯ ಕಾಲದಲ್ಲಿ ದೊರೆಯ ವಾಕ್ಯಗಳು ಉದ್ದವಾದವು, ಶಬ್ದಗಳು ವರ್ಣಮಯವಾದವು, ನಾನೂರು ಪದಗಳ ಒಂದು ವಾಕ್ಯದಲ್ಲಿ ಎಂಟೇ ಕ್ರಿಯಾಪದಗಳು ಇರುತ್ತಿದ್ದವು ಎಂಬ ಮಾತು ಹರಡಿತ್ತು. 2017ರಲ್ಲಿ ಸಂಶೋಧಕರು ನೀಡಿದ ವಿವರಣೆ ಇದಕ್ಕಿಂತ ಭಿನ್ನ: ಉನ್ಮಾದದ ಅವಧಿಯ ಪತ್ರಗಳಲ್ಲಿ ಪದಸಂಪತ್ತು ಕಡಿಮೆ, ಕ್ರಿಯಾವಿಶೇಷಣಗಳು ಕಡಿಮೆ, ಪುನರುಕ್ತಿಯೂ ಕಡಿಮೆ. ತಡೆಯಿಲ್ಲದೆ ಹರಿದ ಮಾತನ್ನು ಕೇಳಿದವರ ದಿನಚರಿಗಳನ್ನು ಓದಿ ಬೆಳೆದ ನಿರೀಕ್ಷೆಗೆ ಇದು ಹೊಂದುವುದಿಲ್ಲ. ಆದರೆ ದಿನಚರಿಗಳು ಹೇಳುವುದು ಮಾತನ್ನು ಕುರಿತು, ಯಂತ್ರ ಅಳೆದದ್ದು ಬರಹವನ್ನು. ಮಂತ್ರಿಗೆ ಬರೆಯುವ ಪತ್ರಕ್ಕೆ ಸಂಪ್ರದಾಯದ ಚೌಕಟ್ಟು ಇದೆ, ಲೇಖನಿಗೆ ನಾಲಗೆಯ ವೇಗವಿಲ್ಲ. ಎರಡು ಸಾಕ್ಷ್ಯಗಳೂ ನಿಜವಾಗಿರಬಹುದು, ಏಕೆಂದರೆ ಅವು ಎರಡು ಬೇರೆ ವಸ್ತುಗಳನ್ನು ಕುರಿತವು.

ಸಂಶೋಧಕರು ತಮ್ಮ ಮಿತಿಯನ್ನು ತಾವೇ ಹೇಳಿದ್ದಾರೆ. ಉನ್ಮಾದದಿಂದ ಬಳಲುವವರ ಲಿಖಿತ ಭಾಷೆಯ ಬಗೆಗೆ ಇಂದಿಗೂ ದತ್ತಾಂಶ ಬಹಳ ಕಡಿಮೆ. ರೋಗನಿರ್ಣಯ ಖಚಿತವಾಗಿರುವ ಇಂದಿನ ರೋಗಿಗಳ ಬರಹ ಅಧ್ಯಯನಗೊಳ್ಳದೆ ಪತ್ರಗಳ ಆಧಾರದ ಮೇಲೆ ಸ್ವತಂತ್ರ ನಿರ್ಣಯ ಸಾಧ್ಯವಿಲ್ಲ. ಅಂದರೆ ಪತ್ರಗಳು ‘ಭಾಷೆ ಬದಲಾಯಿತು’ ಎನ್ನುತ್ತವೆ. ‘ಬದಲಾಯಿಸಿದ ಕಾಯಿಲೆ ಇಂಥದು’ ಎನ್ನುವುದಿಲ್ಲ.

7. ಕನ್ನಡ ಬರಹಗಳಿಗೆ ಅನ್ವಯಿಸುವಾಗ

ಇಂಥ ವಿಧಾನಗಳನ್ನು ನಮ್ಮ ಭಾಷೆಯ ಪತ್ರಸಂಗ್ರಹಗಳಿಗೆ ಅನ್ವಯಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಹುಟ್ಟಬೇಕು ಕೂಡ. ಆದರೆ ಅಳತೆಗೋಲನ್ನು ಹಾಗೆಯೇ ಎತ್ತಿ ತರಲಾಗದು. ನಾಲ್ಕು ಕಾರಣಗಳನ್ನು ಉದಾಹರಣೆಗಳೊಡನೆ ವಿವರಿಸುತ್ತೇವೆ.

ಮೊದಲನೆಯದು ಪದದ ಎಣಿಕೆ. ಪದಸಂಪತ್ತಿನ ಸರಳ ಅಳತೆಯೆಂದರೆ ಭಿನ್ನ ಪದಗಳ ಸಂಖ್ಯೆಯನ್ನು ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸುವುದು. ‘ಮಳೆ ಬಂದು ಕೆರೆ ತುಂಬಿತು, ಮಳೆಯ ನೀರು ಕೆರೆಯಿಂದ ಕಾಲುವೆಗೆ ಹರಿಯಿತು’ ಎಂಬಲ್ಲಿ ಬರಹದ ರೂಪಗಳನ್ನೇ ಎಣಿಸಿದರೆ ಒಂಬತ್ತರಲ್ಲಿ ಒಂಬತ್ತೂ ಭಿನ್ನ, ಅನುಪಾತ 1. ವಿಭಕ್ತಿಗಳನ್ನು ಕಳಚಿ ಮೂಲಪದಗಳನ್ನು ಎಣಿಸಿದರೆ ‘ಮಳೆ’, ‘ಕೆರೆ’ ಎರಡೆರಡು ಸಲ ಬಂದಿವೆ. ಅನುಪಾತ ಏಳು ಬಟ್ಟೆ ಒಂಬತ್ತು, ಸುಮಾರು 0.78. ‘ಹೋಗಬೇಕೆಂದು’ ಎಂದು ಸಂಧಿ ಮಾಡಿ ಬರೆದರೆ ಒಂದು ಪದ, ‘ಹೋಗಬೇಕು ಎಂದು’ ಎಂದು ಬಿಡಿಸಿದರೆ ಎರಡು. ಬರೆಯುವವನ ಸಂಧಿಯ ರೂಢಿಯೇ ಅವನ ಪದಸಂಪತ್ತಿನಂತೆ ತೋರುವ ಅಪಾಯ ಇಲ್ಲಿದೆ.

ಎರಡನೆಯದು ಕ್ರಿಯಾಪದ. ‘ದೂತನು ಬಂದು, ಓಲೆಯನ್ನು ಕೊಟ್ಟು, ಉತ್ತರವನ್ನು ಪಡೆದು, ಹೊಳೆ ದಾಟಿ, ಊರು ಸೇರಿದನು’ ಎಂಬ ವಾಕ್ಯದಲ್ಲಿ ಐದು ಧಾತುಗಳಿವೆ, ಪೂರ್ಣಕ್ರಿಯೆ ಒಂದೇ. ಹಳೆಯ ನಿರೂಪಗಳಲ್ಲಿ ಇಂಥ ಕೃದಂತಗಳ ಸರಪಣಿ ಪುಟಗಟ್ಟಲೆ ಸಾಗುವುದು ವಿಕಾರವಲ್ಲ, ಶೈಲಿ. ಪೂರ್ಣಕ್ರಿಯೆಗಳನ್ನಷ್ಟೇ ಎಣಿಸುವ ಯಂತ್ರ ನಮ್ಮ ಶಾನುಭೋಗರೆಲ್ಲರನ್ನೂ ಉನ್ಮಾದಿಗಳೆಂದು ವರ್ಗೀಕರಿಸಿಬಿಡಬಹುದು.

ಮೂರನೆಯದು ಕ್ರಿಯಾವಿಶೇಷಣ ಮತ್ತು ಪುನರುಕ್ತಿ. ‘ನಿಧಾನವಾಗಿ’, ‘ಚೆನ್ನಾಗಿ’ ಎಂಬಲ್ಲಿರುವ ‘ಆಗಿ’ ಎಂಬುದು ‘ಆಗು’ ಧಾತುವಿನ ರೂಪ. ಇವುಗಳನ್ನು ಬೇರೆ ಪದವರ್ಗವಾಗಿ ಎಣಿಸಬೇಕೆ ಎಂಬುದು ವ್ಯಾಕರಣದಲ್ಲಿಯೇ ಚರ್ಚೆಯ ವಿಷಯ. ‘ಬೇಗ ಬೇಗ’, ‘ಬಿಕ್ಕಿ ಬಿಕ್ಕಿ’, ‘ಮನೆ ಮನೆಗೆ’ ಎಂಬ ದ್ವಿರುಕ್ತಿಗಳು, ‘ಪುಸ್ತಕ-ಗಿಸ್ತಕ’ದಂಥ ಪ್ರತಿಧ್ವನಿ ರೂಪಗಳು ಭಾಷೆಯ ಸಹಜ ವ್ಯಾಕರಣ. ಅವುಗಳನ್ನು ಪುನರುಕ್ತಿಯ ಲೆಕ್ಕಕ್ಕೆ ಸೇರಿಸಿದರೆ ವ್ಯಾಕರಣವೇ ರೋಗಲಕ್ಷಣವಾಗುತ್ತದೆ.

ನಾಲ್ಕನೆಯದು ಕರ್ತೃತ್ವ. ಮೂರನೆಯ ಜಾರ್ಜ್ 1805ರವರೆಗೆ ತಾನೇ ಬರೆದನು. ನಮ್ಮಲ್ಲಿ ವಿಜಯನಗರದ ಕಾಲದಿಂದ ಅರಸರ ಪತ್ರವೆಂದರೆ ‘ರಾಯಸ’; ಅದನ್ನು ಬರೆಯುವ ಹುದ್ದೆಗೂ ಅದೇ ಹೆಸರಿನ ನಂಟು. ಅರಸನ ಅಂಕಿತವಿದ್ದರೂ ಭಾಷೆ ರಾಯಸದವನದು. ಅಂಥ ಪತ್ರದಿಂದ ಅರಸನ ಮನಸ್ಸನ್ನು ಅಳೆಯಹೊರಟರೆ, ಅಳೆಯುವುದು ಒಬ್ಬ ಅನಾಮಿಕ ಬರಹಗಾರನ ವೃತ್ತಿಶಿಕ್ಷಣವನ್ನು.

8. ಉಪಸಂಹಾರ

ಮೂರನೆಯ ಜಾರ್ಜ್‌ನ ಪ್ರಕರಣದಿಂದ ಮೂರು ಸೂತ್ರಗಳನ್ನು ಸಂಗ್ರಹಿಸಬಹುದು. ಒಂದು, ಪತ್ರ ಮತ್ತು ವೈದ್ಯಕೀಯ ದಾಖಲೆಗಳನ್ನು ಬೇರೆ ಬೇರೆಯಾಗಿ ಓದಿ, ಆಮೇಲೆ ಎದುರುಬದುರು ಇಡಬೇಕು. ಒಂದರ ಮೌನವನ್ನು ಇನ್ನೊಂದರ ಮಾತಿನಿಂದ ತುಂಬುವಾಗ ತುಂಬಿದ್ದೇವೆಂದು ಹೇಳಿಕೊಳ್ಳಬೇಕು. ಎರಡು, ಬದಲಾವಣೆಯನ್ನು ಕಾಯಿಲೆಗೆ ಒಪ್ಪಿಸುವ ಮುನ್ನ ಸಂಬೋಧಿತ ವ್ಯಕ್ತಿ, ವಿಷಯ, ಋತು, ರಾಜಕೀಯ, ಸಂಪಾದಕ, ಲಿಪಿಕಾರ ಇವರೆಲ್ಲರ ಪಾಲನ್ನು ಕಳೆಯಬೇಕು.

ಮೂರನೆಯದು ಅಳತೆಗಳ ಮಾತು. ಅವು ಭಾಷೆಯಿಂದ ಭಾಷೆಗೆ ತಾವಾಗಿ ಸಾಗುವುದಿಲ್ಲ. ಇದು ಗತಕಾಲದ ಅರಸರಿಗೆ ಮಾತ್ರ ಸಂಬಂಧಿಸಿದ ಎಚ್ಚರವೆಂದು ತಿಳಿಯಬಾರದು. ಬದುಕಿರುವವರ ಮಾತು ಮತ್ತು ಬರಹದಿಂದ ಮಾನಸಿಕ ಆರೋಗ್ಯವನ್ನು ಅಂದಾಜು ಮಾಡುವ ಗಣಕ ಸಾಧನಗಳು ಇಂದು ರೂಪುಗೊಳ್ಳುತ್ತಿವೆ. ಅವು ನಾಳೆ ಕನ್ನಡದಲ್ಲಿ ಮಾತನಾಡುವ ರೋಗಿಯ ಮುಂದೆಯೂ ಬಂದು ನಿಲ್ಲಬಹುದು. ಆ ರೋಗಿ ‘ಬೇಗ ಬೇಗ’ ಎಂದದ್ದು ಆತುರವೋ ವ್ಯಾಕರಣವೋ ಎಂದು ಬಲ್ಲವರು ಆ ಕೆಲಸದಲ್ಲಿ ಭಾಗಿಗಳಾಗಿರಬೇಕು.

1788ರ ಚಳಿಗಾಲದಲ್ಲಿ ಒಂದು ವಿಶೇಷಣದ ಆಯ್ಕೆ ಒಂದು ಸರ್ಕಾರದ ಅಳಿವು ಉಳಿವಿಗೆ ತೊಡಕಿಕೊಂಡಿತ್ತು. ದೊರೆ 1789ರ ಫೆಬ್ರವರಿಯಲ್ಲಿ ಮತ್ತೆ ಲೇಖನಿ ಹಿಡಿದು ಪಿಟ್‌ಗೆ ಬರೆದಾಗ, ಗುಣವಾಗಿದ್ದಾನೆಂಬುದಕ್ಕೆ ಯಾವ ವೈದ್ಯನ ಪ್ರಕಟಣೆಗಿಂತಲೂ ಆ ಪತ್ರವೇ ಹೆಚ್ಚಿನ ಪುರಾವೆಯಾಗಿ ಪಿಟ್‌ಗೆ ಕಂಡಿದ್ದರೆ ಅಚ್ಚರಿಯಿಲ್ಲ. ಸಾಧ್ಯವಾದಾಗಲೆಲ್ಲ ರೋಗಿಯ ಸ್ವಂತ ಮಾತಿಗೇ ಮೊದಲು ಕಿವಿಗೊಡುವುದು, ಆ ಮಾತು ಹೇಳಲಾರದ್ದನ್ನು ಅದರ ಬಾಯಿಂದ ಹೇಳಿಸದಿರುವುದು ಭಾಷಾವಿಜ್ಞಾನವು ಈ ಕ್ಷೇತ್ರಕ್ಕೆ ಕೊಡಬಹುದಾದ ಮುಖ್ಯ ಶಿಸ್ತು.